ಮೂವತ್ತೈದರಲ್ಲೊಂದು

ಗ್ಡಿನಿಯಾದ ಹಡಗು ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ತುಕ್ಕು ಕೆರೆದವನು ನಾನು.
ಮರಳು ಚಿಮ್ಮುವ ಕೊಳವೆ ಹಿಡಿದು, ಮುಖಕ್ಕೆ ಮುಸುಕು ಬಿಗಿದು,
ಗ್ರೀಸಿನ ಹಡಗು, ನಾರ್ವೆಯ ಹಡಗು,
ಸಾಲದಲ್ಲಿ ಮುಳುಗಿ ನೀರಲ್ಲಿ ಮಾತ್ರ ತೇಲುತ್ತಿದ್ದ ಹಡಗು,
ಎಲ್ಲದರ ಹೊಟ್ಟೆಯಡಿ ಅಂಗಾತ ಮಲಗಿ.
ತುಕ್ಕಿನ ರುಚಿ ಒಂದೇ:
ನಾಲಗೆಯ ಮೇಲೆ ಹಳೇ ಬೀಗದ ಕೈ ಇಟ್ಟ ಹಾಗೆ.

ಈಗ ಪಿಂಚಣಿ.
ಅಡುಗೆಮನೆಯ ಮೇಜಿಗೆ ಹಳೇ ಪೇಪರು ಹಾಸಿ
ತುಕ್ಕು ಬಳಿಯುತ್ತಿದ್ದೇನೆ.
ನಗುವವರು ನಗಲಿ, ನನ್ನ ತಂಗಿ ಇರೆನಾ ಆಗಲೇ ನಕ್ಕಾಗಿದೆ.

ಡಬ್ಬಿಯ ಮುಚ್ಚಳದ ಚಿತ್ರದಲ್ಲಿ ಟ್ಯಾಂಕು ಬೆಂಕಿಯ ನಡುವೆ ನುಗ್ಗುತ್ತದೆ.
ಬಿಚ್ಚಿದರೆ ಹಸಿರು ಪ್ಲಾಸ್ಟಿಕ್ಕಿನ ಮುಳ್ಳುಮೂಳೆ,
ಚೌಕಟ್ಟಿಗೆ ಅಂಟಿದ ನೂರೆಪ್ಪತ್ತು ಚೂರು.
ಕತ್ತರಿಸು, ಉಜ್ಜು, ಊದು, ಅಂಟಿಸು.
ಜಾರಿಬಿದ್ದ ಹಿಡಿಕೆಯೊಂದನ್ನು
ಮಂಡಿಯೂರಿ ಹುಡುಕಿದೆ ಮುಕ್ಕಾಲು ಗಂಟೆ;
ಸಿಕ್ಕಿದ್ದು ಹೋದ ಕ್ರಿಸ್‌ಮಸ್ಸಿನ ಬಟಾಣಿ.
ಸರಪಳಿಯ ಕೊಂಡಿ ಎಣಿಸುತ್ತ
ಅಲ್ಲೇ ನಿದ್ದೆ ಹೋದದ್ದೂ ಉಂಟು.

ಬಣ್ಣ ಹಚ್ಚುವುದು ಸುಲಭ, ಕೆಡಿಸುವುದು ಕಷ್ಟ.
ಮೊದಲು ಇಟ್ಟಿಗೆಗೆಂಪು. ಒಣಗಲಿ.
ಅದರ ಮೇಲೆ ಕೂದಲಿಗೆ ಹೊಡೆಯುವ ಸ್ಪ್ರೇ,
ಆಮೇಲೆ ಹಸಿರು; ಆಮೇಲೆ ಒದ್ದೆ ಬ್ರಷ್ಷಿನಿಂದ ಕೆದಕಿದರೆ
ಹಸಿರು ಎದ್ದು ಕೆಂಪು ಇಣುಕುತ್ತದೆ.
ಸ್ಪ್ರೇ ಬೋಳುತಲೆಯವನ ಮನೆಯಲ್ಲಿ ಎಲ್ಲಿಂದ ಬರಬೇಕು?
ಮೂರನೇ ಮಹಡಿಯ ಗೆನೊವೆಫಾ ಅಜ್ಜಿಯ ಬಾಗಿಲು ಬಡಿದೆ.
ಡಬ್ಬಿ ಕೊಟ್ಟಳು. ಡಬ್ಬಿಯ ಹಿಂದೆಯೇ ಇಳಿದು ಬಂದಳು,
ಎಂಬತ್ತಾರರ ಮೊಣಕಾಲನ್ನು ಮೆಟ್ಟಿಲಿಗೊಮ್ಮೆ ಬೈಯುತ್ತ.

ಕನ್ನಡಕ ಏರಿಸಿ ನೋಡಿದಳು.
'ನಮ್ಮದು ಹೀಗಿರಲಿಲ್ಲ.'
ನಿಮ್ಮದಾ?

ನಲವತ್ತೈದರ ಮಾರ್ಚಿ. ಹಿಮ ಕರಗಿ
ಆಲೂಗಡ್ಡೆ ಹೊಲ ಗಂಜಿಯಾಗಿತ್ತಂತೆ.
ಹೊಟ್ಟೆಯವರೆಗೆ ಹೂತ ಟ್ಯಾಂಕನ್ನು
ರಷ್ಯದ ಹುಡುಗರು ಎರಡು ದಿನ ತಳ್ಳಿ, ಎರಡು ದಿನ ಬೈದು,
ಕೊನೆಗೆ ನಡೆದೇ ಹೋದರು.
ಒಬ್ಬ ಹೋಗಲಿಲ್ಲ. ಅವನನ್ನು ಅಪ್ಪ ಬೇಲಿಯ ಪಕ್ಕ ಹೂತ.
ಅಷ್ಟು ಹೇಳಿ ಚಹಾಕ್ಕೆ ಸಕ್ಕರೆ ಹಾಕಿಕೊಂಡಳು,
ಕದಡಿದಳು, ಮತ್ತೂ ಕದಡಿದಳು.

ಆಮೇಲೆ ಐದು ವರ್ಷ ಅದು ಊರಿನ ಸೊತ್ತು.
ಡೀಸೆಲ್ ಡಬ್ಬ ಹಂದಿಗಳ ತೊಟ್ಟಿಯಾಯಿತು.
ಫಿರಂಗಿಯಿಂದ ಸೇಬಿನ ಮರಕ್ಕೆ ಹಗ್ಗ, ಹಗ್ಗದ ತುಂಬ ಲಂಗ, ಅಂಗಿ.
ಗೋಪುರದೊಳಗೆ ಕೋಳಿ ಕಾವು ಕೂತಿತು,
ಗುಂಡು ಜೋಡಿಸುವ ಗೂಡಿನಲ್ಲಿ ಎಂಟು ಮೊಟ್ಟೆ.
'ಇಲ್ಲೆಲ್ಲ ತುಕ್ಕು ಹಾಕಿದ್ದೀಯಲ್ಲ,
ಈ ಮುಂದಿನ ಇಳಿಜಾರಿಗೆ ತುಕ್ಕು ಹಿಡಿಯೋಕೆ ನಾವೆಲ್ಲಿ ಬಿಟ್ಟೆವು?
ಏಳು ಮನೆಯ ಮಕ್ಕಳು ಬೆಳಗಿಂದ ಕತ್ತಲಾಗುವ ತನಕ
ಜಾರಿದ್ದೇ ಜಾರಿದ್ದು.
ಬೆಳ್ಳಿ ಚಮಚದ ಹಾಗೆ ಫಳಫಳ.'

ಆ ರಾತ್ರಿ ಮದ್ದುಗುಂಡಿನ ಪೆಟ್ಟಿಗೆಗಳನ್ನು ಕಿತ್ತೆ.
ಮೂವತ್ತೈದರಲ್ಲೊಂದು ಅಳತೆಗೆ ಕೋಳಿ ಒಂದು ಸೆಂಟಿಮೀಟರು,
ಯಾವ ಡಬ್ಬಿಯಲ್ಲೂ ಬರುವುದಿಲ್ಲ.
ಪುಟ್ಟಿಯಲ್ಲಿ ಮಾಡಿದೆ. ಮೊದಲನೆಯದು ಬಾತಾಯಿತು,
ಎರಡನೆಯದು ನಮ್ಮ ಹಳೇ ಫೋರ್‌ಮನ್ನು,
ಐದನೆಯದಕ್ಕೆ ಕೋಳಿಯ ಸಿಟ್ಟು ಬಂತು.
ಪೆನ್ಸಿಲ್ಲಿನ ಸೀಸ ಪುಡಿಮಾಡಿ, ಬೆರಳ ತುದಿಗೆ ಹಚ್ಚಿ,
ಆ ಇಳಿಜಾರನ್ನು ತಿಕ್ಕಿದೆ,
ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ.

ಸ್ಪರ್ಧೆಯ ತೀರ್ಪುಗಾರ ಟಾರ್ಚು ಹಾಕಿ ನೋಡಿ ಬರೆದ:
'ಮುಂಭಾಗದ ಸವೆತ ವಾಸ್ತವಕ್ಕೆ ದೂರ.
ಕೋಳಿ ಚೆನ್ನಾಗಿದೆ.'

ಚೀಟಿ ತಂದು ಅಜ್ಜಿಗೆ ಓದಿ ಹೇಳಿದೆ.
ಅವಳ ಗಮನ ಇತ್ತ ಇರಲಿಲ್ಲ.
ಕಿರುಬೆರಳ ಉಗುರನ್ನು ಇಳಿಜಾರಿನ ನೆತ್ತಿಗಿಟ್ಟು
ಜರ್ರನೆ ಕೆಳಗೆಳೆದಳು,
ಮತ್ತೆ ಮೇಲಿಟ್ಟಳು.
'ಜುಲೈಯಲ್ಲಿ ತೊಡೆ ಸುಡುತ್ತಿತ್ತು' ಅಂದಳು.